ಅಪ್ಪನದಲ್ಲದ ಬಾಣ

'ಇದು ಅಪ್ಪನ ಬಾಣ ಅಲ್ಲ.' ಹಾಗನ್ನಿಸಿದ್ದೇ ತಡ, ಗುಬ್ಬಿ ಪರದೆಯಿಂದ ಎರಡು ಹೆಜ್ಜೆ ಹಿಂದೆ ಸರಿದಳು.

ಗುಬ್ಬಿಯ ಅಪ್ಪ ಫೋಟೋಗ್ರಾಫರ್. ಸ್ಟುಡಿಯೋದಲ್ಲಿ ಕುಳಿತೇ ಇಂಟರ್ನೆಟ್ ಮೂಲಕ ಮನೆಯ ಕಂಪ್ಯೂಟರಿನಲ್ಲಿರುವ ಫೋಟೋಗಳನ್ನು ತಿದ್ದುತ್ತಿದ್ದ. ಗುಬ್ಬಿ ಸ್ಕೂಲಿನಿಂದ ಬಂದು ಮೌಸ್ ಅಲುಗಾಡಿಸಿದರೆ, ಪರದೆಯ ಮೇಲಿನ ಬಾಣ ತಾನಾಗಿಯೇ ಎರಡು ಸುತ್ತು ಹಾಕುತ್ತಿತ್ತು. ಅದು ಸ್ಟುಡಿಯೋದಿಂದಲೇ ಅಪ್ಪ 'ಬಂದ್ಯಾ ಮರೀ?' ಎಂದು ಕೇಳುವ ರೀತಿ.

ಈಗ ಅಪ್ಪ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾನೆ. ಮೌಸನ್ನು ಯಾರೂ ಮುಟ್ಟಿಲ್ಲ. ಆದರೂ ಬಾಣ ಓಡಾಡುತ್ತಿದೆ! ಕಳ್ಳಬೆಕ್ಕಿನ ಹಾಗೆ ಒಂದೊಂದೇ ಫೋಲ್ಡರ್ ತೆರೆದು ಮೂಸುತ್ತಿದೆ.

ನಿನ್ನೆ ಗೇಮಿನಲ್ಲಿ 'ಸೂಪರ್ ಅಣ್ಣ' ಎಂಬ ಯಾರೋ ಮಾತಿಗೆ ಸಿಕ್ಕಿದ್ದ.

"ಗೇಮ್ ಹ್ಯಾಂಗ್ ಆಗ್ತಿದ್ಯಾ? ಕಂಪ್ಯೂಟರ್ ನಂಬರ್, ಪಾಸ್‌ವರ್ಡ್ ಕೊಡು, ಒಳಗೆ ಬಂದು ಸರಿ ಮಾಡ್ತೀನಿ. ಯಾರಿಗೂ ಹೇಳ್ಬೇಡ."

ನಂಬರು, ಪಾಸ್‌ವರ್ಡ್ ಎರಡನ್ನೂ ಅಪ್ಪ ಮರೆಯಬಾರದೆಂದು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿದ್ದ. ಗುಬ್ಬಿ ನೋಡಿಕೊಂಡು ಟೈಪ್ ಮಾಡಿ ಕಳಿಸಿದ್ದಳು.

ಬಾಣ ಈಗ ಮದುವೆ ಫೋಟೋಗಳ ಫೋಲ್ಡರಿನ ಮೇಲೆ ನಿಂತಿತು.

"ಅಪ್ಪಾ! ಬೇಗ ಬಾ!"

ಅಪ್ಪ ಕಣ್ಣೊರೆಸಿಕೊಳ್ಳುತ್ತ ಬಂದ. "ಏನೇ ಅದು, ಜಿರಳೆನಾ?"

ಪರದೆ ನೋಡಿದವನೇ ಹಾರಿ ಹೋಗಿ ಇಂಟರ್ನೆಟ್ ವೈರ್ ಕಿತ್ತ. ಬಾಣ ಗಕ್ಕನೆ ನಿಂತಿತು. ಅಪ್ಪ ಒಂದೊಂದಾಗಿ ಎಲ್ಲ ಫೋಲ್ಡರ್ ನೋಡಿ, ಉಸ್ಸೆಂದು ಕುರ್ಚಿಗೆ ಒರಗಿದ.

"ಸದ್ಯ, ಏನೂ ಹೋಗಿಲ್ಲ. ಜನ ನಮ್ಮನ್ನ ನಂಬಿ ಫೋಟೋ ತೆಗೆಸ್ಕೊಂಡಿರ್ತಾರೆ ಕಣೇ. ನೀನ್ ನೋಡಿದ್ದು ಒಳ್ಳೇದಾಯ್ತು, ಜಾಣಮರಿ!"

ಆ ಹೊಗಳಿಕೆ ಗುಬ್ಬಿಗೆ ಮುಳ್ಳಿನಂತೆ ಚುಚ್ಚಿತು.

"ಮನೆ ಹೊರಗೆ ಪಾಸ್‌ವರ್ಡ್ ಗೊತ್ತಿರೋದು ಲೈಟ್ ಅಕ್ಕಂಗೆ ಮಾತ್ರ," ಎಂದು ಅಪ್ಪ ಫೋನ್ ಕೈಗೆತ್ತಿಕೊಂಡ. "ಯಾರಿಗೆ ಹೇಳಿದ್ಲೋ ಏನೋ. ನಾಳೆಯಿಂದ ಬರೋದು ಬೇಡ ಅಂದ್ಬಿಡ್ತೀನಿ." ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ಲೈಟ್ ಅಕ್ಕ ಸ್ಟುಡಿಯೋದಲ್ಲಿ ದೀಪ ಹಿಡಿಯುವವಳು. ಗುಬ್ಬಿ ಹೋದಾಗಲೆಲ್ಲ ಫೋಟೋ ದೀಪದ ದೊಡ್ಡ ಬಿಳಿ ಕೊಡೆಯ ಕೆಳಗೆ ಕೂರಿಸಿ, "ಮೇಡಂ, ಹಲ್ಲಿಗೇನು ಟ್ಯಾಕ್ಸ್ ಇಲ್ಲ, ನಗಿ!" ಎನ್ನುವವಳು.

ಫೋನ್ ರಿಂಗಾಗುತ್ತಿತ್ತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಾಳೆ ಬಿಳಿ ಕೊಡೆಯ ಹಿಂದೆ ಯಾರೂ ಇರುವುದಿಲ್ಲ. ಯಾಕೆ ಬೇಡ ಅಂದರು ಎಂದು ಅಕ್ಕನಿಗೆ ತಿಳಿಯುವುದೂ ಇಲ್ಲ.

"ಹಲೋ ಸಾರ್! ಏನ್ ಈ ಹೊತ್ನಲ್ಲಿ?" ಅತ್ತಲಿಂದ ಅಕ್ಕನ ನಗು ತುಂಬಿದ ದನಿ ಕೇಳಿತು.

ಗುಬ್ಬಿ ಅಪ್ಪನ ತೋಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು.

"ಅಪ್ಪಾ, ಅಕ್ಕ ಅಲ್ಲ. ಕೊಟ್ಟಿದ್ದು ನಾನು."