ಲುವಾರ್ ದಂಡೆಯಲ್ಲಿ ಇಳಕಲ್ ಮಗ್ಗ

ಫ್ರೆಂಚ್ ಭಾಷೆಯಲ್ಲಿ ಪ್ರೇಮಕುಮಾರನಿಗೆ ತಿಳಿಯುತ್ತಿದ್ದುದು ಒಂದೇ ಒಂದು ಶಬ್ದ. ಅದು ರಾಧಿಕಾಳ ಹೆಸರು. ಅದನ್ನೂ ಆ ಮಾತ್ಯೂ ನೆಟ್ಟಗೆ ಅನ್ನುತ್ತಿರಲಿಲ್ಲ.

“ಹಾದಿಕಾ, ಹಾದಿಕಾ” ಎನ್ನುತ್ತ ಬ್ರೆಡ್ ಅಂಗಡಿಯ ಮುಂದೆ ನಿಂತು ಏನೋ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಮೊದಲು ಕಣ್ಣು ಸಣ್ಣಗಾಗಿ, ಆಮೇಲೆ ಎಡಗೆನ್ನೆಯಲ್ಲಿ ಗುಳಿ ಬೀಳುವ ನಗೆ. ಆ ಗುಳಿ ಇಳಕಲ್ಲಿನ ತನ್ನ ಮಗ್ಗದ ಮನೆಯಲ್ಲಿ ಮಾತ್ರ ಬೀಳುತ್ತದೆಂದು ಪ್ರೇಮಕುಮಾರ ಇಷ್ಟು ದಿನ ನಂಬಿಕೊಂಡಿದ್ದ.

ರಾಧಿಕಾ ಬಾದಾಮಿಯ ಗೈಡ್. ಗುಹೆ ನೋಡಲು ಬರುವ ಫ್ರೆಂಚರ ಜೊತೆ ಮಾತಾಡುತ್ತ ಮಾತಾಡುತ್ತಲೇ ಅವರ ಭಾಷೆ ಕಲಿತವಳು. ಗುಂಪು ಸಿಕ್ಕಾಗಲೆಲ್ಲ ಹುನಗುಂದದ ಮೇಲೆ ಹಾಯ್ದು ಇಳಕಲ್ಲಿಗೆ ಕರೆತಂದು ಪ್ರೇಮಕುಮಾರನ ಮಗ್ಗ ತೋರಿಸುತ್ತಿದ್ದಳು. ಅವನು ನೇಯುತ್ತ ಕನ್ನಡದಲ್ಲಿ ಹೇಳುವುದು, ಅವಳು ಪಕ್ಕದಲ್ಲಿ ಕೂತು ಅದನ್ನೇ ಫ್ರೆಂಚಿನಲ್ಲಿ ಹೇಳುವುದು. ಅವಳು ಬರುವ ದಿನ ಅವನು ಇಸ್ತ್ರಿ ಅಂಗಿ ಹಾಕುತ್ತಾನೆಂದು ಓಣಿಗೆಲ್ಲ ಗೊತ್ತಿತ್ತು. ಅವಳಿಗೆ ಮಾತ್ರ ಅವನು ಏನೂ ಹೇಳಿರಲಿಲ್ಲ.

ಹಾಗೆ ಬಂದ ಒಂದು ಗುಂಪಿನಲ್ಲಿದ್ದವನೇ ಮಾತ್ಯೂ. ಫ್ರಾನ್ಸಿನ ಲುವಾರ್ ನದಿಯ ಕಡೆ ಅವನದೊಂದು ಪುಟ್ಟ ಹಳ್ಳಿ. ಅಲ್ಲೇ ಹತ್ತಿರ ಅವನ ಸೋದರತ್ತೆಯ ಹಳೆಯ ಕೋಟೆ. ಕೋಟೆಯಲ್ಲಿ ಕೈಮಗ್ಗದ ಪ್ರದರ್ಶನ ಇಟ್ಟು ಇಬ್ಬರನ್ನೂ ಕರೆಸಿಕೊಂಡಿದ್ದ. ಪ್ರೇಮಕುಮಾರ ಒಂದು ಸಣ್ಣ ಮಗ್ಗ ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಿ ತಂದಿದ್ದ.

“ಹೆಸರ ನೆಟ್ಟಗ ಅನ್ನಾಕ ಬರೂದಿಲ್ಲೇನ ಅವಗ?” ಬ್ರೆಡ್ ಅಂಗಡಿಯಿಂದ ಹಿಂತಿರುಗುವಾಗ ಪ್ರೇಮಕುಮಾರ ಕೇಳಿದ.

“ಅವರ ‘ರ’ ಗಂಟಲಾಗಿಂದ ಬರತೈತಿ. ಅಂವ ಏನ ಮಾಡ್ಯಾನು?”

“ಹಾದಿಕಾ ಅಂತ. ಹಾದ್ಯಾಗ ಸಿಕ್ಕಾಕಿ ಹಂಗ.”

ರಾಧಿಕಾ ಓರೆಗಣ್ಣಿಂದ ಅವನನ್ನು ನೋಡಿದಳು. ತುಟಿಯ ತುದಿಯಲ್ಲಿ ಏನೋ ಬಂತು, ನುಂಗಿಕೊಂಡಳು. “ನಿನಗ ನಿದ್ದಿ ಕಡಿಮಿ ಆಗೇತಿ, ಪ್ರೇಮಾ.”

ನಿದ್ದೆ ಎಲ್ಲಿಂದ ಬರಬೇಕು? ಅವ್ವ ಇಂದ್ರವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಯನ್ನು ಮಾತ್ಯೂ ಬ್ರೆಡ್ಡಿಗೆ ಸವರಿಕೊಂಡು ಚಪ್ಪರಿಸಿ ತಿಂದಿದ್ದ. ಎರಡನೇ ಸಲ ಬಡಿಸಿದವಳು ರಾಧಿಕಾ.

ಮಧ್ಯಾಹ್ನ ಸುತ್ತಲಿನ ಕೋಟೆ ತೋರಿಸಲು ಮಾತ್ಯೂ ಕಾರು ತಂದ. ಮುಂದಿನ ಸೀಟಿನಲ್ಲಿ ರಾಧಿಕಾ, ಹಿಂದೆ ಪ್ರೇಮಕುಮಾರ. ಸೂರ್ಯಕಾಂತಿ ಹೊಲಗಳು ಬಂದವು, ಹೋದವು. ಅವನ ಕಣ್ಣು ಮುಂದಿನ ಎರಡು ತಲೆಗಳ ನಡುವಿನ ಅಂತರದ ಮೇಲೇ ಇತ್ತು.

ಮೊದಲನೆಯ ಕೋಟೆ ನೀರಿನ ನಡುವೆ ನಿಂತಿತ್ತು. ಬಿಳಿ ಕಲ್ಲು, ಮೊನಚು ಗೋಪುರ. ಬಾದಾಮಿಯ ಕೆಂಪು ಬಂಡೆ ನೋಡಿ ಬೆಳೆದ ರಾಧಿಕಾ ಹುಡುಗಿಯಂತೆ ಬೆರಗಾದಳು. ದಿನಾ ಊರಿಗೆಲ್ಲ ಕಥೆ ಹೇಳುವವಳು ಇವತ್ತು ಕೇಳುವವಳಾಗಿದ್ದಳು. ಒಳಗೆ ಸುರುಳಿ ಮೆಟ್ಟಿಲು. ಮಾತ್ಯೂ ಕೈ ಚಾಚಿದ, ಅವಳು ಹಿಡಿದಳು.

ಪ್ರೇಮಕುಮಾರನ ಎದೆಯಲ್ಲಿ ಯಾರೋ ಹಸಿ ಮೆಣಸಿನಕಾಯಿ ತಿಕ್ಕಿದಂತಾಯಿತು.

“ಬಾದಾಮಿ ಕ್ವಾಟಿ ಮ್ಯಾಲ ಮಂಗ್ಯಾನ ಹಂಗ ಹತ್ತಾಕಿ,” ಎಂದ, ಅವಳು ಇಳಿದು ಬಂದಾಗ. “ಇಲ್ಲಿ ಕೈ ಬೇಕಾತು.”

“ಅಂವ ಚಾಚಿದ, ಹಿಡದೆ. ನೀ ಎಲ್ಲಿದ್ದಿ? ಕೆಳಗ ನಿಂತು ಬಾತುಕೋಳಿ ನೋಡಾಕತ್ತಿದ್ದಿ.”

ಎರಡನೆಯದು ಗುಡ್ಡದ ಮೇಲಿನ ಹಾಳು ಕೋಟೆ. ಗೋಡೆಯಿದೆ, ಚಾವಣಿಯಿಲ್ಲ. ಅಲ್ಲಿ ಮಾತ್ಯೂ ತುಂಬ ಹೊತ್ತು ತಗ್ಗಿದ ದನಿಯಲ್ಲಿ ಮಾತಾಡಿದ. ರಾಧಿಕಾ ನಗಲಿಲ್ಲ, ಹುಲ್ಲು ನೋಡುತ್ತ ನಿಂತಿದ್ದಳು. ಅವಳು ನಕ್ಕಾಗ ಆಗದ ಹೆದರಿಕೆ ಪ್ರೇಮಕುಮಾರನಿಗೆ ಈಗ ಆಯಿತು.

ಮಾತ್ಯೂ ಕಾರಿನ ಕಡೆ ಹೋದ ಮೇಲೆ ಅವಳೇ ಬಂದಳು. “ಬರೂ ಬ್ಯಾಸಿಗಿಗೆ ಇಲ್ಲೇ ಬಂದು ಗೈಡ್ ಆಗಂತ. ಅವರತ್ತಿ ಕ್ವಾಟಿಯಾಗ ಕೆಲಸ.”

“ಅಷ್ಟ ಏನು?”

“ಅಷ್ಟಲ್ಲ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನಾ ಅಂದ್ರ ಇಷ್ಟ ಅಂತ. ನೀ ಏನಂತಿ?”

ಹೇಳಬೇಕಾದ್ದು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ. “ನನಗ್ಯಾಕ ಕೇಳ್ತಿ? ಇರು. ಛಲೋ ಐತಲ್ಲ. ಬಿಳಿ ಕ್ವಾಟಿ, ಬಿಳಿ ಮನಷ್ಯಾ.”

ರಾಧಿಕಾಳ ಮುಖ ಬಿಗಿಯಿತು. “ಆತು” ಎಂದಷ್ಟೇ ಅಂದು ಮಾತ್ಯೂನ ಹತ್ತಿರ ನಡೆದುಹೋದಳು. ಕಾರಿನ ಪಕ್ಕ ಅವರಿಬ್ಬರೂ ಸ್ವಲ್ಪ ಹೊತ್ತು ಮಾತಾಡಿದರು.

ಮರುದಿನ ಮುಂಜಾನೆ ಪ್ರದರ್ಶನ. ಕೋಟೆಯ ದೊಡ್ಡ ಪಡಸಾಲೆಯಲ್ಲಿ ಹಳ್ಳಿಯ ಜನ ಸೇರಿದ್ದರು. ಪ್ರೇಮಕುಮಾರ ಲಾಳಿ ಆಡಿಸಿದ, ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಕೊಂಡಿ ಹಾಕಿ ಸೇರಿಸುವುದನ್ನು ತೋರಿಸಿದ. ರಾಧಿಕಾ ಎಲ್ಲವನ್ನೂ ಹೇಳಿದಳು, ಅವನತ್ತ ಒಮ್ಮೆಯೂ ತಿರುಗದೆ. ಹಿಂದೆ ಗೋಡೆಗೆ ಅವನು ಊರಿಂದ ತಂದಿದ್ದ ಸೀರೆ ತೂಗುತ್ತಿತ್ತು. ಕಡುನೀಲಿ ಒಡಲು, ಕೆಂಪು ಸೆರಗು.

ಮಾತ್ಯೂನ ಅತ್ತೆ, ಬೆಳ್ಳಿಗೂದಲಿನ ಮದಾಮ್ ಆಗಾತ್, ಎದ್ದು ಬಂದು ಸೆರಗು ಮುಟ್ಟಿ ಏನೋ ಕೇಳಿದರು.

“ಈ ಸೀರಿ ಅವರಿಗೆ ಬೇಕಂತ,” ರಾಧಿಕಾ ಗೋಡೆಗೆ ಹೇಳಿದಂತೆ ಹೇಳಿದಳು. “ಕೊಡ್ತೀರೇನು ಅಂತ ಕೇಳ್ತಾರ.”

ಪ್ರೇಮಕುಮಾರ ಲಾಳಿ ಕೆಳಗಿಟ್ಟ.

“ಹೇಳು ಅವರಿಗೆ, ಇದನ್ನ ಕೊಡೂದಿಲ್ಲ. ಒಬ್ಬಾಕಿ ಸಲುವಾಗಿ ನೇದದ್ದು. ಆಕಿ ನನ್ನ ಬಾಜೂಕ ಕುಂತು ನನ್ನ ಮಾತು ಮಂದಿಗೆಲ್ಲಾ ತಿಳಿಸಿ ಹೇಳ್ತಾಳ. ನನ್ನ ಮನಸಿನಾಗಿಂದು ಆಕಿಗೆ ತಿಳಿಸಿ ಹೇಳವರು ಯಾರೂ ಇಲ್ಲ.” ಉಸಿರು ಎಳೆದುಕೊಂಡ. ಮುಂದಿನ ಮಾತಿಗೆ ‘ಆಕಿ’ ಹೋಗಿ ‘ನೀ’ ಬಂದದ್ದು ಅವನಿಗೇ ತಿಳಿಯಲಿಲ್ಲ. “ನಿನ್ನಿ ಇರು ಅಂದೆ. ಅದು ಹೊಟ್ಟಿಕಿಚ್ಚಿನ ಮಾತು. ಅಂವ ನಿನ್ನ ಹೆಸರ ತಗೊಂಡ್ರ ಮೈಯೆಲ್ಲಾ ಉರಿತೈತಿ ನನಗ. ಕೆಲಸಕ್ಕ ಅಡ್ಡ ಬರಾಂವಲ್ಲ ನಾ. ನೀ ಇಲ್ಲಿದ್ರೂ ಕಾಯ್ತೇನಿ. ಆದ್ರ ನನ್ನಾಕಿ ಆಗಿ ಇರು, ರಾಧಿ.”

ಪಡಸಾಲೆ ಅವಳ ಬಾಯಿ ನೋಡುತ್ತ ಕಾದಿತ್ತು. ರಾಧಿಕಾಳ ಕಿವಿಗಳು ಸೆರಗಿನಷ್ಟೇ ಕೆಂಪಾಗಿದ್ದವು. ಕೊನೆಗೆ ಫ್ರೆಂಚಿನಲ್ಲಿ ಚಿಕ್ಕದೊಂದು ಮಾತು ಹೇಳಿದಳು.

ಮುದುಕಿ ಸೆರಗು ಬಿಟ್ಟು ಮೆಲ್ಲಗೆ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಮಾತ್ಯೂ ನೆಲ ನೋಡಿದ. ಆಮೇಲೆ ಬಂದು ಪ್ರೇಮಕುಮಾರನ ಕೈ ಗಟ್ಟಿಯಾಗಿ ಒತ್ತಿ, ಹೊರಗೆ ಹೋದ.

ಜನ ಚದುರಿದ ಮೇಲೆ ಇಬ್ಬರೂ ಕಂದಕದ ಸೇತುವೆಯ ಮೇಲೆ ನಿಂತರು.

“ಮಾತ್ಯೂಗ ನಿನ್ನೀನ ಹೇಳೇನಿ, ನನ್ನ ಮನಸು ಬ್ಯಾರೆ ಕಡೆ ಐತಿ ಅಂತ,” ಎಂದಳು. “ಕೆಲಸ ಮಾತ್ರ ಬಿಡೂದಿಲ್ಲ. ಬ್ಯಾಸಿಗ್ಯಾಗ ಬಾದಾಮಿಗೆ ಯಾರ ಬರ್ತಾರ? ಇಲ್ಲಿ ಆವಾಗನ ಮಂದಿ. ನಾಕ ತಿಂಗಳ ಇದ್ದು ಬರ್ತೇನಿ. ನಿನ್ನ ಮದುವಿ ಆಗೇ ಇಲ್ಲಿಗೆ ಬರ್ತೇನಿ.”

ಖುಷಿಯ ನಡುವೆಯೂ ಅವನ ಹುಬ್ಬು ಗಂಟಾಯಿತು. “ಅಂವ ಇರ್ತಾನಲ್ಲ.”

“ಇರ್ತಾನ. ಹೊಟ್ಟಿಕಿಚ್ಚು ಪಡು. ಇನ್ನ ನಿನಗ ಹಕ್ಕೈತಿ.”

ಕೆನ್ನೆಯಲ್ಲಿ ಗುಳಿ ಬಿತ್ತು. ಪ್ರೇಮಕುಮಾರನಿಗೆ ಒಂದು ಮಾತು ಉಳಿದಿತ್ತು. “ಒಳಗ ಅವರಿಗೆ ಏನಂದಿ?”

“ಈ ಸೀರಿ ಉಡಾಕಿ ಇಲ್ಲೇ ನಿಂತಾಳ ಅಂದೆ.”

“ಅಷ್ಟನ? ನಾ ಎಷ್ಟೊಂದು ಹೇಳಿದ್ನಲ್ಲ?”

“ಉಳಿದದ್ದು ನಂದು,” ಎಂದು ರಾಧಿಕಾ ಅವನ ಕೈ ಹಿಡಿದಳು. “ಅವರಿಗ್ಯಾಕ ಹೇಳ್ಲಿ?”