ಒಬ್ಬಳೇ ಒಂದು ಸುತ್ತು

"ನಾಳಿಂದ ನಿಮಗ ನಾ ಕಲಿಸೂದಿಲ್ರೀ, ಜಾಹ್ನವಿ. ಫಣಿ ಸರ್ ಕಲಿಸ್ತಾರ."

ಜಾಹ್ನವಿ ಥಟ್ಟನೆ ತಲೆಯೆತ್ತಿದಳು. ಅವಳಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದ ಧಾರವಾಡದ ಗುರುದತ್ತ ಇಷ್ಟು ಹೇಳಿ, ಅವಳ ಮುಖವನ್ನೂ ನೋಡದೆ ಹೊರಟೇಬಿಟ್ಟ!

ವಿಶಾಖಪಟ್ಟಣದ ಹೊರವಲಯದಲ್ಲಿ ಮಹಾನಗರ ಪಾಲಿಕೆಯವರದೇ ಪುಟ್ಟ ವಿಮಾನ ನಿಲ್ದಾಣ ಅದು. ದೊಡ್ಡ ವಿಮಾನಗಳು ಅತ್ತ ಸುಳಿಯುವುದಿಲ್ಲ. ಎರಡು ಸೀಟಿನ ತರಬೇತಿ ವಿಮಾನಗಳು, ಒಂದು ಶೆಡ್ಡು, ಟೀ ಕುಡಿಯಲು ಒಂದು ಬೆಂಚು, ಅಷ್ಟೇ. ಜಾಹ್ನವಿಗೆ ಅಮ್ಮನಿಂದ ಬಂದ ಕನ್ನಡವಿತ್ತು; ಆ ಬೆಂಚಿನ ಮೇಲೆ ಕನ್ನಡ ಮಾತಾಡುತ್ತಲೇ ಇಬ್ಬರೂ ಹತ್ತಿರವಾಗಿದ್ದರು. ಹಾಗಂತ ಅವಳಾದರೂ ಅಂದುಕೊಂಡಿದ್ದಳು, ಪಾಪ.

ನಾಳೆಗೆ ಅಪ್ಪ ಕೊಟ್ಟ ಗಡುವು ಮುಗಿಯುತ್ತದೆ; ಅಷ್ಟರೊಳಗೆ ಒಬ್ಬಳೇ ವಿಮಾನ ಹಾರಿಸಲು ಒಪ್ಪಿಗೆ ಸಿಗಬೇಕು. ಇಲ್ಲದಿದ್ದರೆ ವಿಜಯವಾಡದ ಪಟಮಟ ಬಡಾವಣೆಯ ಮನೆಗೆ ವಾಪಸ್! ಬ್ಯಾಂಕ್ ಮ್ಯಾನೇಜರ್ ಅಪ್ಪ ಅಲ್ಲಿ ಗಂಡು ನೋಡಿಟ್ಟು ಕಾಯುತ್ತಿದ್ದರು.

'ಇವಳ ಕೈಲಾಗಲ್ಲ ಅಂತ ಕೈ ತೊಳೆದುಕೊಂಡ್ರು...' ಅಂದುಕೊಂಡಳು ಅವಳು.

ಮರುದಿನ ಬೆಳಿಗ್ಗೆ ಫಣಿ ಅವಳ ಜೊತೆ ಹಾರಿ, ಇಳಿದು, ಬೆಲ್ಟ್ ಬಿಚ್ಚಿದರು.

"ಸಾಕು ತಲ್ಲೀ, ಸಾಕಮ್ಮಾ. ಇನ್ನು ಒಬ್ಬಳೇ ಒಂದು ಸುತ್ತು ಹೋಗಿ ಬಾ."

"ಗುರುದತ್ತ ಸರ್ ನನ್ನ ಬಿಟ್ಟೇಬಿಟ್ರಲ್ಲ, ಸರ್..."

"ಅದನ್ನ ಅವನನ್ನೇ ಕೇಳಮ್ಮಾ. ಮೊದಲು ಹಾರು!"

ವಿಮಾನ ಹಗುರಾಗಿ ಎದ್ದಿತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಿಂಹಾಚಲದ ಬೆಟ್ಟ. ಭಯವೇನೂ ಆಗಲಿಲ್ಲ. ಆದರೆ 'ನಿಧಾನ್ರೀ' ಎನ್ನುವ ಆ ದನಿಯಿಲ್ಲದೆ ಮನಸ್ಸು ಬಿಕೋ ಎಂದಿತು. ಒಂದು ಸುತ್ತು ಮುಗಿಸಿ ಮೆತ್ತಗೆ ಇಳಿಸಿದಳು.

ಮೊದಲ ಸಲ ಒಬ್ಬರೇ ಹಾರಿ ಬಂದವರ ತಲೆಗೆ ಬಕೆಟ್ ನೀರು ಸುರಿಯುವುದು ಅಲ್ಲಿನ ರೂಢಿ. ಬಕೆಟ್ ಹಿಡಿದು ನಿಂತಿದ್ದವನು... ಗುರುದತ್ತ!

"ಕೈಲಾಗದವಳು ಅಂತ ಬಿಟ್ಟವರು, ಈಗ್ಯಾಕೆ ಬಂದ್ರಿ?" ಅವಳು ಮುಖ ಊದಿಸಿದಳು.

"ಯಾರಂದ್ರು ಹಂಗ? ನಿಮ್ಮ ತಪ್ಪೇ ನನಗ ಕಾಣಸ್ತಿರಲಿಲ್ರೀ. ಸೊಟ್ಟ ಇಳಿಸಿದ್ರೂ ಛಲೋ ಅನಸ್ತಿತ್ತು. ಅಂಥಾಂವ ನಿಮ್ಮನ್ನ ಒಬ್ಬರನ್ನ ಮ್ಯಾಲೆ ಕಳಸಬಾರದು... ಜೀವದ ಮಾತು."

"ಯಾಕೆ ಕಾಣಿಸ್ತಿರಲಿಲ್ಲ?"

ಅವನು ತಲೆ ತಗ್ಗಿಸಿದ. "ನೀವಂದ್ರ ನನಗ ಪ್ರಾಣರೀ."

ಅವಳ ಕಣ್ಣು ತುಂಬಿ ಬಂತು. ಎಂಥಾ ಮನುಷ್ಯ! ತನ್ನನ್ನು ಕಾಪಾಡಲೆಂದೇ ತನ್ನ ಕೋಪ ಕಟ್ಟಿಕೊಂಡನಲ್ಲ!

"ನಿನ್ನೆಯೇ ಹೇಳೋಕೇನಾಗಿತ್ತು?"

"ಹೇಳಿದ್ರ ಇವತ್ತು ನಿಮ್ಮ ಮನಸ್ಸು ಹಾರೂದರಾಗ ಇರ್ತಿತ್ತೇನು?"

ಜಾಹ್ನವಿ ಅವನ ಕೈಯ ಬಕೆಟ್ ಕೆಳಗಿಳಿಸಿ, ಅಪ್ಪನ ನಂಬರ್ ಒತ್ತಿ ಫೋನನ್ನು ಅವನ ಕೈಗಿಟ್ಟಳು.

"ಬೇರೆ ಗಂಡು ಬೇಡ ಅಂತ ಅಪ್ಪಂಗೆ ನೀವೇ ಹೇಳಿ."

"ಅಯ್ಯ! ಕೈ ನಡಗಾಕತ್ತಾವ್ರೀ..."

"ನಡುಗಲಿ ಬಿಡಿ," ಎಂದು ಅವನ ತೋಳು ಹಿಡಿದಳು. "ನಾನು ಇಲ್ಲೇ ಇರ್ತೀನಿ."