ಚಪ್ಪಲಿ ಇಲ್ಲದ ಮಾತು

"ರಾಜಕುಮಾರಿ ಮಂದಾಕಿನಿಯವರೇ?"

ಬಸ್ ಸ್ಟಾಪಿನ ಪಕ್ಕದ ಹೋಟೆಲಿನಲ್ಲಿ, ಹಿಂದಿನಿಂದ ಬಂದ ದನಿಗೆ ಕೃಪಾ ಬೆಚ್ಚಿದಳು. ತಿರುಗಿದಳು. ನೀಲಿ ಶರ್ಟು, ಅಂಜಿಕೆಯ ನಗು... ಇವನೇ ಸೇನಾಪತಿ!

"ಊಂ, ನಾನೇ. ಇಂಗ್ ಬನ್ನಿ, ಟೇಬಲ್ ಖಾಲಿ ಐತೆ."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಹೋಯ್ತು, ರಾಜಕುಮಾರಿಯ ಮಾನವೆಲ್ಲ ಹೋಯ್ತು!

ಇಬ್ಬರೂ ರಾಜರ ಕಾಲದ ಒಂದೇ ಧಾರಾವಾಹಿಯ ಅಭಿಮಾನಿಗಳು. ಅದರ ಪಾತ್ರಗಳಾಗಿ ಆಡುವ ಚಾಟ್ ಗುಂಪಿನಲ್ಲಿ ವರ್ತೂರಿನ ಕೃಪಾ ರಾಜಕುಮಾರಿ ಮಂದಾಕಿನಿ, ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ದಾವಣಗೆರೆಯ ಸಿದ್ಧಾರ್ಥ್ ಸೇನಾಪತಿ. ತಿಂಗಳುಗಟ್ಟಲೆ ಗ್ರಾಂಥಿಕ ಕನ್ನಡದಲ್ಲಿ ಪ್ರೇಮ ಸಂಭಾಷಣೆ ಬರೆದಿದ್ದೇ ಬರೆದಿದ್ದು. ಗುಂಪಿನಲ್ಲೊಂದು ಕಟ್ಟಳೆಯಿತ್ತು. ಸ್ವಂತ ಮಾತಿಗೆ ಮೊದಲು ಚಪ್ಪಲಿಯ ಚಿತ್ರ ಹಾಕಬೇಕು, ಅರಮನೆಯಿಂದ ಹೊರಗೆ ಬಂದೆ ಅಂತ. ಚಪ್ಪಲಿ ಇಲ್ಲದ್ದೆಲ್ಲ ಬರೀ ಆಟ.

ಹೋದ ವಾರ ಅವನು "ನಿನ್ನನ್ನು ಬಿಟ್ಟು ಇರಲಾರೆ" ಎಂದು ಬರೆದಾಗ ಚಪ್ಪಲಿ ಇರಲಿಲ್ಲ. "ಭಾನುವಾರ ಸಿಗೋಣ್ವಾ?" ಎಂಬುದಕ್ಕೆ ಮಾತ್ರ ಇತ್ತು. ಪಾಪದ ಹುಡುಗಿ ಎರಡನ್ನೂ ಓದಿ ಓದಿ ನಿದ್ದೆಗೆಟ್ಟಿದ್ದಳು.

ಈಗ ನೋಡಿದರೆ ಕಾಫಿ ಆರುತ್ತಿದೆ, ಸೇನಾಪತಿಯ ಬಾಯಿ ತೆರೆಯುತ್ತಿಲ್ಲ.

'ಇವ್ನಿಗೆ ಬೇಕಾಗಿರೋದು ಮಂದಾಕಿನಿ. ವರ್ತೂರು ಬೈರಪ್ಪನ ಮಗಳು ಈ ಕೃಪಾ ಅಲ್ಲ...'

"ಆಟಾನೇ ಚೆನ್ನಾಗಿತ್ತು ಬಿಡಿ," ಎಂದು ಎದ್ದು ಹೊರಗೆ ಬಂದಳು. ಕಣ್ಣು ತುಂಬಿತ್ತು.

ಅವನು ಓಡಿ ಬಂದ. "ಕೃಪಾ, ನಿಲ್ರೀ. ನಿಮ್ಮನ್ನ ಬಿಟ್ಟು ಇರಕಾಗಲ್ಲ ನನಗೆ."

"ಅದು ಸೇನಾಪತಿ ಡೈಲಾಗು. ಅವತ್ತೂ ಚಪ್ಪಲಿ ಇರ್ಲಿಲ್ಲ."

"ಹಾಕೋಕೆ ಧೈರ್ಯ ಸಾಲ್ಲಿಲ್ಲ ಕಣ್ರೀ. ಇವತ್ತೂ ಬಸ್ಸಲ್ಲಿ ಉರು ಹೊಡ್ಕೊಂಡು ಬಂದಿದ್ದೆ. ನಿಮ್ಮನ್ನ ನೋಡಿದ್ದೇ ಎಲ್ಲಾ ಮರ್ತೋಯ್ತು."

ಹಾಗೆಂದವನೇ ಬಗ್ಗಿ, ಬಲಗಾಲಿನ ಚಪ್ಪಲಿ ಕಳಚಿ, ಎಲ್ಲರೂ ನೋಡುವಂತೆ ಮೇಲೆತ್ತಿ ಹಿಡಿದ.

"ಈಗ ಕೇಳಿ. ನಿಮ್ಮನ್ನ ಬಿಟ್ಟು ಇರಕಾಗಲ್ಲ."

ಬಸ್ ಸ್ಟಾಪಿನ ಜನವೆಲ್ಲ ಕತ್ತು ತಿರುಗಿಸಿದರು. ಹೋಟೆಲಿನ ಮುನಿಕೃಷ್ಣ ಸೌಟು ಹಿಡಿದೇ ಹೊರಗೆ ಬಂದ. "ಏನಮ್ಮಾ, ಚಪ್ಪಲಿ ತೋರಿಸ್ತಾವ್ನಾ ಇವ್ನು? ನಾಕು ಬಿಡ್ಲಾ?"

ಕೃಪಾಗೆ ಅಳುವೂ ಬಂತು, ನಗುವೂ ಬಂತು. ಮೆಲ್ಲಗೆ ತನ್ನ ಚಪ್ಪಲಿಯನ್ನೂ ಕಳಚಿ ಕೈಯಲ್ಲೆತ್ತಿದಳು.

"ಒಡಿಯೋಕಲ್ಲ ಅಣ್ಣ. ನಂಗೂ ಅಂಗೇ ಅಂತ ಯೋಳ್ತಾ ಇವ್ನಿ."

ಮುನಿಕೃಷ್ಣ ಇಬ್ಬರನ್ನೂ ನೋಡಿ, ಈ ಕಾಲದವರ ಸಹವಾಸವೇ ಬೇಡವೆಂದು ಒಳಗೆ ಹೋದ.

"ರಾಜಕುಮಾರಿಗಿಂತ ಈ ಮಾತೇ ಚಂದ," ಎಂದ ಸಿದ್ಧಾರ್ಥ್. "ಇನ್ನೂ ಏನಾದ್ರೂ ಹೇಳ್ರೀ."

"ಮೊದ್ಲು ಚಪ್ಪಲಿ ಆಕ್ಕೊಳ್ಳಿ. ಕಾಲು ಸುಡ್ತೈತೆ."